ಗ್ರ್ಯಾಚುಟಿ ಕೈಗೆ ಬಂದದ್ದು ಹೀಗೆ

2019ರಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟೆ. ಎಂಟು ವರ್ಷದ ಗ್ರ್ಯಾಚುಟಿ, ಅಂದರೆ ದುಡಿದ ವರ್ಷಗಳಿಗೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಹಣ, ಕೇಳಿದರೆ ‘ರಾಜೀನಾಮೆ ಕೊಟ್ಟವರಿಗೆ ಇಲ್ಲಮ್ಮ’ ಅಂದರು ಕಂಪನಿಯವರು. ಅದು ಸುಳ್ಳು. ಆಗ ಜಾರಿಯಲ್ಲಿದ್ದ 1972ರ ಗ್ರ್ಯಾಚುಟಿ ಕಾಯ್ದೆ ಪ್ರಕಾರ ಸತತ ಐದು ವರ್ಷ ದುಡಿದವರು ತಾವಾಗಿ ಬಿಟ್ಟರೂ ಅದು ಸಿಗಲೇಬೇಕಿತ್ತು.

ಲೆಕ್ಕ ನಾನೇ ಹಾಕಿದೆ. ಕೊನೆಯ ಮೂಲ ವೇತನ, ತುಟ್ಟಿಭತ್ಯೆ ಸೇರಿ 9,100 ರೂಪಾಯಿ. ತಿಂಗಳ ಕೆಲಸದ ದಿನ ಅಂತ 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದ ಸಂಬಳದಂತೆ 15ರಿಂದ, ಆಮೇಲೆ ದುಡಿದ ವರ್ಷ ಎಂಟರಿಂದ ಗುಣಿಸಿದರೆ 42,000. ಮಗಳ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಮೂರು ಸಲ ಮಾಡಿ ನೋಡಿದೆ.

ಗ್ರ್ಯಾಚುಟಿ ಕೇಳುವ ಅರ್ಜಿ ಫಾರಂ ಐ ತುಂಬಿ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿದೆ. ರಸೀದಿ ಜೋಪಾನ ಮಾಡಿದೆ. 30 ದಿನ ಕಳೆದರೂ ಉತ್ತರವಿಲ್ಲ. ಕಂಪನಿ ಕೊಡದಿದ್ದಾಗ ಸಲ್ಲಿಸುವ ಅರ್ಜಿ ಫಾರಂ ಎನ್ ಅನ್ನು ಕಾರ್ಮಿಕ ಇಲಾಖೆಗೆ ಕೊಟ್ಟೆ. ಸೇರಿದ ತಾರೀಖಿಗೆ ಸಾಕ್ಷಿ ಕೇಳಿದಾಗ ಕೈ ಹಿಡಿದದ್ದು ಪಿಎಫ್ ಪಾಸ್‌ಬುಕ್. ಎರಡನೇ ವಿಚಾರಣೆಗೆ ಮೊದಲೇ ಚೆಕ್ ಬಂತು. ತಡ ಮಾಡಿದ್ದಕ್ಕೆ ಬಡ್ಡಿಯನ್ನೂ ಕೇಳಿ ಪಡೆದೆ.