ಕಾಲೇಜು ಲೈಬ್ರರಿಯಲ್ಲೇ ದುಡಿದು ಫೀಸು ಕಟ್ಟಿದ್ದು ಹೀಗೆ

ಬಿ.ಕಾಂ. ಕೊನೆಯ ಎರಡು ವರ್ಷದ ಫೀಸು, ಸುಮಾರು 64 ಸಾವಿರ, ಮನೆಯಿಂದ ಒಂದು ಪೈಸೆ ತರದೆ ಕಟ್ಟಿದೆ. ದುಡಿದದ್ದು ನಮ್ಮ ಕಾಲೇಜಿನ ಲೈಬ್ರರಿಯಲ್ಲೇ. "ಅಲ್ಲಿ ಕೂತರೆ ಕಾಸು ಹುಟ್ಟುತ್ತೇನೋ ಮಗಾ?" ಎಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಮೊದಲು ನಾನೂ ಸಂಜೆ ಡೆಲಿವರಿಗೆ ಹೋಗುತ್ತಿದ್ದೆ. ತಿಂಗಳಿಗೆ ಒಂಬತ್ತು ಸಾವಿರದಷ್ಟು ಬರುತ್ತಿತ್ತು. ಪೆಟ್ರೋಲು, ಗಾಡಿ ರಿಪೇರಿ ಕಳೆದರೆ ಐದು ಉಳಿದರೆ ಹೆಚ್ಚು. ರಾತ್ರಿ ವಿಜಯನಗರದ ರೂಮು ಸೇರುವಾಗ ಹನ್ನೆರಡು. ಬೆಳಗಿನ ಕ್ಲಾಸು ತಪ್ಪಿ ಅಟೆಂಡೆನ್ಸ್ ಶೇ. 75ಕ್ಕಿಂತ ಕೆಳಗಿಳಿಯಿತು. ಆಮೇಲೆ ಒಂದು ಟ್ಯೂಷನ್ ಸೆಂಟರ್. ಅಲ್ಲಿನ ಎರಡು ತಿಂಗಳ ಸಂಬಳ ಇವತ್ತಿಗೂ ಬಾಕಿ.

ಅಷ್ಟರಲ್ಲಿ ಕಾಲೇಜುಗಳ ಗುಣಮಟ್ಟ ಅಳೆದು ಗ್ರೇಡ್ ಕೊಡುವ ನ್ಯಾಕ್ ತಂಡ ನಮ್ಮಲ್ಲಿಗೆ ಬರುವ ಸುದ್ದಿ ಬಂತು. ಆಗ ಲೈಬ್ರರಿಯಲ್ಲಿ ಎಷ್ಟು ಗಡಿಬಿಡಿ ಇರುತ್ತದೆ ಅಂತ ಗೊತ್ತಲ್ವಾ? ಇಪ್ಪತ್ತು ಸಾವಿರ ಪುಸ್ತಕ ರಿಜಿಸ್ಟರಿನಿಂದ ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರಿಗೆ ಹೋಗಬೇಕು, ಬಾರ್‌ಕೋಡ್ ಅಂಟಬೇಕು. ಹೊರಗಿನವರು ಪುಸ್ತಕಕ್ಕೆ 14 ರೂಪಾಯಿ ಕೇಳಿದ್ದರು. ನಾನು 5 ಎಂದೆ. ಕೈಗೆ ಕಾಸು ಬೇಡ, ಫೀಸಿಗೆ ವಜಾ ಮಾಡಿ ಪತ್ರ ಕೊಡಿ ಎಂದೆ. "ಅಲ್ಲಪ್ಪಾ, ಹುಡುಗರ ಕೈಲಿ ಆಗುವ ಕೆಲಸವಾ ಇದು?" ಎಂದರು ಲೈಬ್ರರಿಯನ್ ಮೇಡಂ. ಒಂದು ಬೀರು ಪುಸ್ತಕ ಪುಕ್ಕಟೆ ಮಾಡಿ ತೋರಿಸಿದೆ. ಪ್ರಿನ್ಸಿಪಾಲರು ಆ ಪತ್ರಕ್ಕೆ ಸಹಿ ಹಾಕಲು ನಾನು ಏನು ತೋರಿಸಿದೆ ಅನ್ನೋದು ನನ್ನಲ್ಲೇ ಇರಲಿ.

ಇಂಗ್ಲಿಷ್ ಪುಸ್ತಕ ಸಲೀಸು. ಪುಸ್ತಕದ ಹಿಂದಿರುವ ಗುರುತಿನ ಸಂಖ್ಯೆ ಐಎಸ್‌ಬಿಎನ್ ಹೊಡೆದರೆ, ಬೇರೆ ಲೈಬ್ರರಿಗಳ ಪಟ್ಟಿಯಲ್ಲಿ ಹುಡುಕುವ ಝಡ್39.50 ಮೂಲಕ ವಿವರ ತಾನೇ ಬರುತ್ತದೆ. ಗಂಟೆಗೆ 40 ಮುಗಿಯುತ್ತಿದ್ದವು. ಕನ್ನಡ ಸಾಹಿತ್ಯದ ಬೀರುಗಳ (ಲೈಬ್ರರಿ ವರ್ಗೀಕರಣದಲ್ಲಿ ಅದರ ಸಂಖ್ಯೆ 894.814) ಮುಂದೆ ಕೂತಾಗ ಲೆಕ್ಕವೇ ತಲೆಕೆಳಗಾಯಿತು. ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಇಲ್ಲ. ಎಲ್ಲ ಕೈಯಲ್ಲೇ ಟೈಪಿಸಬೇಕು. ಗಂಟೆಗೆ 15 ಆದರೆ ಪುಣ್ಯ, ಅಂದರೆ 75 ರೂಪಾಯಿ. ಮತ್ತೆ ಮಾತಾಡಿ ಕನ್ನಡಕ್ಕೆ 8 ಮಾಡಿಸಿದೆ.

'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪಿಸಿದ ಪಟ್ಟಿಯೊಂದು ಸಿಕ್ಕಿತು. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿಗೆ ತಿರುಗಿಸಿದರೆ ಅರ್ಕಾವತ್ತು ಜಾಗ ಬದಲಿಸಿ ಕರ್ನಾಟಕವೆಲ್ಲ 'ಕನಾರ್ಟಕ'! ಹಾಗೇ ಬಿಟ್ಟರೆ ಹುಡುಕಿದಾಗ ಪುಸ್ತಕ ಸಿಗುವುದೇ ಇಲ್ಲ. ಅದನ್ನು ಒಟ್ಟಿಗೆ ಸರಿಪಡಿಸುವ ಉಪಾಯವೊಂದು ಹೊಳೆಯಿತು. ಅದನ್ನಿಲ್ಲಿ ಬಿಡಿಸಿ ಹೇಳುವುದಿಲ್ಲ, ಈಗಲೂ ಅದರಿಂದ ನನಗೆ ಕೆಲಸ ಬರುತ್ತಿದೆ. ವೇಗ ಗಂಟೆಗೆ 25 ದಾಟಿತು.

ಬಾರ್‌ಕೋಡ್ ಬೇರೆ ಕಥೆ. ಕಾಲೇಜಿನವರು ಅಗ್ಗದ ಪೇಪರ್ ಸ್ಟಿಕರ್ ತರಿಸಿದರು. ತಿಂಗಳೊಳಗೆ ಅಂಚು ಎದ್ದು ಗೆರೆಗಳು ಅಳಿಸಿಹೋದವು. ಮತ್ತೆ ಅಂಟಿಸಿದ್ದಕ್ಕೆ ಕೂಲಿ ಇಲ್ಲ ಎಂದರು. ಎರಡು ವಾರದ ದುಡಿಮೆ ಹೋಯಿತು, ಆ ಸಂಕಟ ಈಗಲೂ ಇದೆ. ನಾನೇ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್.ಪಿ. ರೋಡಿಗೆ ಹೋಗಿ ಪಾಲಿಯೆಸ್ಟರ್ ಲೇಬಲ್, ಅದರ ಮೇಲೆ ಸುಲಭಕ್ಕೆ ಅಳಿಸದಂತೆ ಮುದ್ರಿಸುವ ರೆಸಿನ್ ರಿಬ್ಬನ್ ತಂದೆ. ಅವತ್ತಿನಿಂದ ಒಂದೂ ಎದ್ದಿಲ್ಲ.

ನಡುವೆ ಸ್ಪೈರಲ್ ಬೈಂಡಿಂಗ್ ಕೂಡ ನೋಡಿದೆ. ಪ್ರಾಜೆಕ್ಟ್ ಸೀಸನ್ ಮುಗಿದ ಮೇಲೆ ಮಿಷನ್ ಸುಮ್ನೆ ಕೂತಿತ್ತು. ಎಂ.ಎ. ಕನ್ನಡದವರ ಪ್ರಬಂಧ ಟೈಪಿಂಗ್ ಮಾತ್ರ ಕೈ ಹಿಡಿಯಿತು: ಪುಟಕ್ಕೆ 20 ರೂಪಾಯಿ, ಕಾಗುಣಿತ ತಿದ್ದಿದರೆ ಇನ್ನೂ ಐದು.

ಮೂವರು ಹಂಚಿಕೊಂಡ ಕೆಲಸದಲ್ಲಿ ನನ್ನ ಪಾಲಿಗೆ ಒಂಬತ್ತು ಸಾವಿರ ಪುಸ್ತಕ ಬಂದವು, ಹೆಚ್ಚುಕಡಿಮೆ 60 ಸಾವಿರ. ಉಳಿದದ್ದನ್ನು ಟೈಪಿಂಗ್ ತುಂಬಿಸಿತು. ಡೆಲಿವರಿಗಿಂತ ಇಲ್ಲಿ ತಿಂಗಳಿಗೆ ಸಿಕ್ಕಿದ್ದು ಕಡಿಮೆಯೇ. ಆದರೆ ಓಡಾಟದ ಖರ್ಚಿಲ್ಲ, ಎರಡು ಕ್ಲಾಸಿನ ನಡುವಿನ ಬಿಡುವೂ ದುಡಿಮೆಯಾಯಿತು. ಅಟೆಂಡೆನ್ಸ್ 90ರ ಹತ್ತಿರ ಬಂತು.

ಈಗ ಅಲ್ಲೇ ಎಂ.ಕಾಂ. ಓದುತ್ತಿದ್ದೇನೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಎದ್ದಿದೆ. ಇಬ್ಬರು ಜೂನಿಯರ್‌ಗಳನ್ನು ಸೇರಿಸಿಕೊಂಡು ಪುಟಕ್ಕೆ 2 ರೂಪಾಯಿ ಕೇಳಿದ್ದೇವೆ. ಈ ಸಲದ ಪತ್ರದಲ್ಲಿ ಮತ್ತೆ ಮಾಡುವ ಕೆಲಸಕ್ಕೂ ಕೂಲಿ ಅಂತ ಬರೆಸಿದ್ದೇನೆ.