ಗುಂಪು ಒಡೆಯದಂತೆ ಬಾದಾಮಿ–ಹಂಪಿ ಪ್ರವಾಸ ನಡೆಸುವುದು ಹೇಗೆ?

ಬಾದಾಮಿ, ಪಟ್ಟದಕಲ್ಲು, ಐಹೊಳೆ, ಹಂಪಿಗಳಿಗೆ ಮೂರು ದಿನಗಳ ಪ್ರವಾಸ ಹೊರಡಿಸುವವರು ತಮ್ಮ ಸಿದ್ಧತೆಯನ್ನೆಲ್ಲ ಇತಿಹಾಸಕ್ಕೇ ಮೀಸಲಿಡುತ್ತಾರೆ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಚಾಲುಕ್ಯ ಮಂಗಳೇಶನ ಶಾಸನ ಕ್ರಿ.ಶ. 578ರದು, ತಾಳಿಕೋಟೆಯ ಕಾಳಗ ನಡೆದದ್ದು 1565ರಲ್ಲಿ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿರುತ್ತದೆ. ಎರಡನೆಯ ದಿನದ ಮಧ್ಯಾಹ್ನ ಬಸ್ಸಿನೊಳಗೆ ಇಬ್ಬರ ಮಾತು ಬಿರುಸಾದಾಗ ಮಾತ್ರ ಏನು ಮಾಡಬೇಕೆಂದು ತೋಚುವುದಿಲ್ಲ. ಹಲವು ವರ್ಷ ಈ ಹಾದಿಯಲ್ಲಿ ಗುಂಪುಗಳ ಜೊತೆ ಓಡಾಡಿರುವ ನಾನು ಕಂಡಂತೆ, ಮನಸ್ತಾಪ ಹುಟ್ಟುವುದು ಎರಡೇ ಕಾರಣಗಳಿಗೆ: ಒಂದು ಸೀಟು, ಇನ್ನೊಂದು ಕಾಯುವಿಕೆ.

ಮೊದಲು ಸೀಟಿನ ವಿಚಾರ. ಪ್ರತಿದಿನ ಎರಡು ಸಾಲು ಹಿಂದಕ್ಕೆ ಸರಿಯಬೇಕೆಂಬ ನಿಯಮವನ್ನು ಹಣ ಕಟ್ಟಿಸಿಕೊಳ್ಳುವಾಗಲೇ ತಿಳಿಸಿ. ಮಂಡಿ ನೋವಿನವರಿಗೆ, ಬಸ್ಸಿನಲ್ಲಿ ವಾಂತಿಯಾಗುವವರಿಗೆ ವಿನಾಯಿತಿ ಇರಲಿ. ಬಸ್ ಹತ್ತಿದ ಮೇಲೆ ಹೇಳಿದರೆ ಅದು ನಿಯಮವಾಗಿ ಕೇಳಿಸುವುದಿಲ್ಲ, ತಮ್ಮ ಕಿಟಕಿ ಸೀಟನ್ನು ಕಸಿದುಕೊಂಡಂತೆ ಕೇಳಿಸುತ್ತದೆ.

ಎರಡನೆಯದು ಕಾಯುವಿಕೆ. ಅದಕ್ಕೆ ಮೊದಲ ಉಪಾಯ, ಜನರನ್ನು ಜೋಡಿ ಮಾಡುವುದು. ‘ಅಕ್ಕಪಕ್ಕದವರು ಬಂದಿದ್ದಾರೆಯೇ ನೋಡಿಕೊಳ್ಳಿ’ ಎಂದು ಮೂವತ್ತು ಜನರಿಗೆ ಒಟ್ಟಾಗಿ ಹೇಳಿದರೆ ಯಾರೂ ನೋಡುವುದಿಲ್ಲ. ನೆರೆದವರ ಸಂಖ್ಯೆ ಹೆಚ್ಚಿದಷ್ಟೂ ಒಬ್ಬೊಬ್ಬರ ಹೊಣೆಗಾರಿಕೆ ತೆಳುವಾಗುತ್ತದೆ ಎಂಬುದನ್ನು ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದರು. ಆದ್ದರಿಂದ ಪ್ರತಿಯೊಬ್ಬರಿಗೂ ಒಬ್ಬರ ಹೆಸರು ಹೇಳಿ ಒಪ್ಪಿಸಿ. ತಲೆ ಎಣಿಕೆಯನ್ನು ಮಾತ್ರ ನೀವೇ ಮಾಡಿ.

ಇನ್ನು ಎಲ್ಲರೂ ಎಡವುವ ಹಂತಕ್ಕೆ ಬರೋಣ: ಮೊದಲ ಬಾರಿಗೆ ಯಾರಾದರೂ ತಡವಾಗಿ ಬಂದಾಗ ನಡೆದುಕೊಳ್ಳುವ ರೀತಿ. ಒಮ್ಮೆ ಬಾದಾಮಿಯ ಗುಹೆಗಳ ಕೆಳಗೆ ಒಂದು ದಂಪತಿಗಾಗಿ ನಾನು ಇಪ್ಪತ್ತೈದು ನಿಮಿಷ ಬಸ್ ನಿಲ್ಲಿಸಿದೆ, ಅವರು ಬಂದಾಗ ಏನೂ ಹೇಳದೆ ಹೊರಟೆ. ಮೂರನೆಯ ಸಾಲಿನಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಅಷ್ಟು ಹೊತ್ತೂ ಬಿಸಿಲು ಬೀಳುವ ಕಿಟಕಿಯ ಪಕ್ಕ ಕುಳಿತು, ಕೈಗಡಿಯಾರವನ್ನು ಬಿಚ್ಚಿ ಮಡಿಲಿನಲ್ಲಿಟ್ಟುಕೊಂಡು ನೋಡುತ್ತಿದ್ದರು. ಮರುದಿನ ಏಳು ಜನ ತಡಮಾಡಿದರು. ಅದರ ಮರುದಿನ ಆ ಶಿಕ್ಷಕಿಯೇ ಹದಿನೈದು ನಿಮಿಷ ತಡವಾಗಿ ಬಂದರು. ಸಮಯ ಪಾಲಿಸಿದವರಿಗೆ ಬೆಲೆಯಿಲ್ಲವೆಂದು ನಾನೇ ಅವರಿಗೆ ಕಲಿಸಿಕೊಟ್ಟಿದ್ದೆ.

ಅಂದಿನಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ಬಸ್ಸಿನ ಬಾಗಿಲು ತೆರೆಯುವ ಮುನ್ನವೇ ಹಿಂತಿರುಗುವ ಸಮಯವನ್ನು ಹೇಳುತ್ತೇನೆ, ಏಕೆಂದರೆ ಬಾಗಿಲು ತೆರೆದ ಮೇಲೆ ಯಾರ ಕಿವಿಯೂ ನಮ್ಮ ಕಡೆಗಿರುವುದಿಲ್ಲ. ‘ಹತ್ತೂವರೆಯ ಸುಮಾರಿಗೆ’ ಎನ್ನುವುದಿಲ್ಲ, ‘10.40ಕ್ಕೆ’ ಎನ್ನುತ್ತೇನೆ, ಸೇರುವ ಜಾಗವನ್ನು ಮಾತಿನಲ್ಲಿ ವಿವರಿಸದೆ, ಕಾಣುವ ಒಂದು ಮರವನ್ನು ಬೆರಳು ಮಾಡಿ ತೋರಿಸುತ್ತೇನೆ. 10.40 ಆದೊಡನೆ, ಬಂದಿರುವವರಿಗಾಗಿ ಆ ದಿನದ ಅತ್ಯುತ್ತಮ ಕಥೆಯನ್ನು ಆರಂಭಿಸುತ್ತೇನೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ ರಾಣಿ ಲೋಕಮಹಾದೇವಿಯ ಪ್ರಸಂಗವನ್ನು ಈ ಗಳಿಗೆಗೆಂದೇ ಕಾದಿರಿಸುವುದುಂಟು. ಹೀಗೆ ಮಾಡಿದರೆ ಕಾಯುವವರಿಗೆ ಕಾದದ್ದು ನಷ್ಟವೆನಿಸುವುದಿಲ್ಲ, ತಡಮಾಡಿದವರಿಗೆ ಏನೋ ತಪ್ಪಿಹೋಯಿತೆಂಬುದು ತಾನಾಗಿಯೇ ತಿಳಿಯುತ್ತದೆ.

ತಡವಾಗಿ ಬಂದವರು ಬಸ್ ಹತ್ತುವಾಗ ಒಳಗಿದ್ದವರು ಚಪ್ಪಾಳೆ ತಟ್ಟುವ ರೂಢಿಯೊಂದಿದೆ. ಅದನ್ನು ಮೊದಲ ಸಲವೇ ತಡೆಯಿರಿ. ತಮಾಷೆಯಂತೆ ಕಂಡರೂ ಆ ಅವಮಾನ ಮೂರು ದಿನವೂ ಮಾಯುವುದಿಲ್ಲ. ಮೈಕಿನಲ್ಲಿ ಬುದ್ಧಿ ಹೇಳುವುದೂ ಬೇಡ. ಮುಂದಿನ ನಿಲುಗಡೆಯಲ್ಲಿ ಒಬ್ಬರನ್ನೇ ಪಕ್ಕಕ್ಕೆ ಕರೆದು, ‘ಯಾಕೆ ತಡವಾಯಿತು?’ ಎಂದು ಗದರುವ ಬದಲು, ‘ಅಮ್ಮಾ, ಮೆಟ್ಟಿಲು ಹತ್ತುವುದು ಕಷ್ಟವಾಯಿತೇ?’ ಎಂದು ವಿಚಾರಿಸಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಉತ್ತರ ಮಂಡಿ ನೋವು, ಇಲ್ಲವೇ ಶೌಚಾಲಯದ ಮುಂದಿನ ಸಾಲು. ಹೆಂಗಸರು ಇದನ್ನು ನಾಲ್ಕು ಜನರ ಮುಂದೆ ಹೇಳಲಾರರು. ಕಾರಣ ಗೊತ್ತಾದರೆ ಪರಿಹಾರವೂ ಸುಲಭ: ಅಂಥವರನ್ನು ಹತ್ತು ನಿಮಿಷ ಮೊದಲೇ ಇಳಿಸಿ ಕಳುಹಿಸಿ. ಕಾದವರ ಕಡೆಗೂ ಒಂದು ಮಾತು ಸಲ್ಲಬೇಕು. ಅವರ ಸೀಟಿನ ಬಳಿ ಹೋಗಿ, ‘ನೀವು ಬಿಸಿಲಿನಲ್ಲಿ ಕಾದಿರಿ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ’ ಎನ್ನಿ. ಪಾಠ ಕಲಿಸುವ ನೆಪದಲ್ಲಿ ಯಾರನ್ನಾದರೂ ಬಿಟ್ಟು ಹೊರಡುವುದು ಮಾತ್ರ ಎಂದಿಗೂ ಸಲ್ಲದು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಮಯ ಹಾಕಿದರೆ ಸಾಕೆಂಬ ಅಡ್ಡದಾರಿಯನ್ನು ನಂಬಬೇಡಿ. ಬಂಡೆಗಳ ನಡುವೆ ಸಿಗ್ನಲ್ ಸಿಗದಿದ್ದರೆ ಸಂದೇಶ ರಾತ್ರಿ ಹೋಟೆಲ್ ತಲುಪಿದ ಮೇಲೆ ಬಂದೀತು. ಸೊಂಟಕ್ಕೆ ಕಟ್ಟಿಕೊಳ್ಳುವ ಅಗ್ಗದ ಸ್ಪೀಕರುಗಳೂ ಬೇಡ. ಗುಹೆಯೊಳಗೆ ದನಿ ಒಡೆದು ಮಾತು ತಿಳಿಯುವುದಿಲ್ಲ, ಪಕ್ಕದ ಗುಂಪಿಗೂ ಕಿರಿಕಿರಿ. ಹತ್ತಿರ ಸೇರಿಸಿಕೊಂಡು ಬರಿಯ ಬಾಯಲ್ಲಿ ಹೇಳುವುದೇ ಮೇಲು.

ಪ್ರತಿ ಗುಂಪಿನಲ್ಲಿಯೂ ಗೈಡಿನ ಮಾತನ್ನು ನಡುವೆ ತಡೆದು ತಿದ್ದುವವರೊಬ್ಬರು ಇದ್ದೇ ಇರುತ್ತಾರೆ. ಅವರ ಬಾಯಿ ಮುಚ್ಚಿಸಲು ಹೋಗದೆ ಒಂದು ಕೆಲಸ ಒಪ್ಪಿಸಿ. ಪಟ್ಟದಕಲ್ಲಿನಲ್ಲಿ ಉತ್ತರ ಭಾರತದ ನಾಗರ ಶೈಲಿಯ ಶಿಖರವಿರುವ ಗಳಗನಾಥ ದೇವಾಲಯವೂ ದಕ್ಷಿಣದ ದ್ರಾವಿಡ ಶೈಲಿಯ ಶಿಖರವಿರುವ ಸಂಗಮೇಶ್ವರ ದೇವಾಲಯವೂ ಒಂದೇ ಆವರಣದಲ್ಲಿವೆ. ‘ಸಾರ್, ಈ ಎರಡು ಶಿಖರಗಳ ವ್ಯತ್ಯಾಸವನ್ನು ಮಕ್ಕಳಿಗೆ ನೀವು ತೋರಿಸಿಕೊಡಿ’ ಎಂದರೆ ಅವರ ಓದಿಗೆ ಮನ್ನಣೆ ಸಿಗುತ್ತದೆ, ಸ್ಥಳೀಯ ಗೈಡಿನ ಮರ್ಯಾದೆಯೂ ಉಳಿಯುತ್ತದೆ.

ಹಂಪಿಯ ವಿಠ್ಠಲ ದೇವಾಲಯದ ಬಳಿ ಇನ್ನೊಂದು ಎಚ್ಚರ ಬೇಕು. ಅಲ್ಲಿಗೆ ಬ್ಯಾಟರಿ ವಾಹನದಲ್ಲಿ ಹೋಗುವಾಗ ಗುಂಪು ತಾನಾಗಿಯೇ ತುಂಡಾಗುತ್ತದೆ. ಮೊದಲ ವಾಹನದಲ್ಲಿ ಗೈಡನ್ನು ಕಳುಹಿಸಿ, ಕೊನೆಯದರಲ್ಲಿ ನೀವು ಹೋಗಿ. ಎಲ್ಲರೂ ಬರುವ ತನಕ ಕಲ್ಲಿನ ರಥದ ವಿವರಣೆ ಆರಂಭವಾಗದಿರಲಿ.

ಬಸ್ ಡ್ರೈವರ್ ಮತ್ತು ಗೈಡ್ ಇಬ್ಬರಿಗೂ ಹೊತ್ತಿಗೆ ಸರಿಯಾಗಿ ಊಟವಾಗಬೇಕು. ಒಳಗಿನ ದಣಿವನ್ನು ಅದುಮಿ ದಿನವಿಡೀ ನಗುಮುಖ ತೋರುವುದೂ ದುಡಿಮೆಯೇ ಎಂದು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಕಿಯರ ಉದಾಹರಣೆಯಿಂದ ವಿವರಿಸಿದ್ದರು. ನಮ್ಮ ಗೈಡುಗಳು ಬಿಸಿಲಿನಲ್ಲಿ ನಿಂತು ಮಾಡುವುದೂ ಅದನ್ನೇ. ಮಧ್ಯಾಹ್ನ ಅರ್ಧ ಗಂಟೆಯಾದರೂ ಯಾರೂ ಪ್ರಶ್ನೆ ಕೇಳದ ಜಾಗದಲ್ಲಿ ಅವರನ್ನು ಕೂರಿಸಿ.

ಅಭಿಪ್ರಾಯದ ಹಾಳೆಯನ್ನು ಬೆಂಗಳೂರು ಹತ್ತಿರವಾದಾಗ ಹಂಚಬೇಡಿ, ಆಗ ಎಲ್ಲರ ಗಮನವೂ ಬ್ಯಾಗುಗಳ ಮೇಲಿರುತ್ತದೆ. ಚಿತ್ರದುರ್ಗದಲ್ಲಿ ಚಹಾಕ್ಕೆ ನಿಂತಾಗಲೇ, ಒಂದೊಂದು ಪೆನ್ನಿನ ಸಮೇತ ಕೊಡಿ.