ಸ್ಪ್ರಿಂಗ್ ಗಾದಿ ತರುವ ಮೊದಲು ಮಂಚದ ಹೊಟ್ಟೆ ನೋಡಿ

ಸಿಂಧನೂರಿನ ನಮ್ಮ ತಂಗಿ ಮನೆಗೆ ಹೊಸ ಸ್ಪ್ರಿಂಗ್ ಗಾದಿ ಬಂತು. ಅದನ್ನು ಹಳೆ ನವಾರದ (ದಪ್ಪ ಬಟ್ಟೆ ಪಟ್ಟಿ ಹೆಣೆದ) ಮಂಚದ ಮೇಲೆ ಹಾಸಿದರು. ಎಂಟು ತಿಂಗಳಿಗೇ ನಡುವೆ ಗುಂಡಿ ಬಿತ್ತು, ಭಾವನವರಿಗೆ ಸೊಂಟ ನೋವು ಶುರುವಾಯಿತು, ಬೈಗುಳವೆಲ್ಲ ಗಾದಿಗೆ. ತಪ್ಪು ಗಾದಿಯದಲ್ಲ, ಮಂಚದ್ದು. ರಾಯಚೂರಿನಲ್ಲಿ ನಾನು ನೋಡಿದ ಎಷ್ಟೋ ಮನೆಗಳಲ್ಲಿ ಇದೇ ಕತೆ.

ಹತ್ತಿ ಗಾದಿ ನವಾರದ ಮೇಲೆ ಚೆನ್ನಾಗಿಯೇ ಇರುತ್ತದೆ. ಗಂಟು ಕಟ್ಟಿದರೆ ಪಿಂಜಾರರನ್ನು ಕರೆದು ಹಿಂಜಿಸಿದರೆ ಆಯ್ತು. ಸ್ಪ್ರಿಂಗ್ ಹಾಗಲ್ಲ, ಕೆಳಗೆ ಗಟ್ಟಿ ಸಿಕ್ಕರೆ ಮಾತ್ರ ಅದು ಮೇಲಕ್ಕೆ ಒತ್ತುತ್ತದೆ. ಕೆಳಗಿನದು ಜೋತು ಬಿದ್ದರೆ ಅದೂ ಜೋತು ಬೀಳುತ್ತದೆ. ಆದ್ದರಿಂದ ನವಾರ, ಬಲೆ ಮಂಚ, ತೆಳು ತಗಡಿನ ಕಬ್ಬಿಣದ ಮಂಚ ಮೂರೂ ಬೇಡ.

ಮೊದಲು ಅಳತೆ. ಅಂಗಡಿಯಲ್ಲಿ 72x36, 75x60, 78x72 ಇಂಚಿನವು ಸಾಮಾನ್ಯ. ಮಂಚದ ಒಳ ಅಳತೆ ತೆಗೆದುಕೊಂಡೇ ಹೋಗಿ.

ಆಮೇಲೆ ಮಂಚಕ್ಕೆ ಅಡ್ಡ ಹಾಕಿದ ಮರದ ಪಟ್ಟಿಗಳ ನಡುವಿನ ಸಂದು. ನಾಲ್ಕು ಬೆರಳು ಜೋಡಿಸಿ ಸಂದಿನಲ್ಲಿ ಇಡಿ. ಬೆರಳು ಸಲೀಸಾಗಿ ಇಳಿದು ಇನ್ನೂ ಜಾಗ ಉಳಿದರೆ ಸಂದು ಮೂರು ಇಂಚಿಗಿಂತ ಜಾಸ್ತಿ ಇದೆ ಎಂದರ್ಥ. ಪಾಕೆಟ್ ಸ್ಪ್ರಿಂಗ್ ಗಾದಿಗೆ ಇದು ಆಗುವುದಿಲ್ಲ, ಯಾಕೆಂದರೆ ಅದರಲ್ಲಿ ಒಂದೊಂದು ಸ್ಪ್ರಿಂಗೂ ತನ್ನದೇ ಬಟ್ಟೆ ಚೀಲದಲ್ಲಿ ಬೇರೆ ಬೇರೆ ಇರುತ್ತದೆ, ಸಂದಿನ ಮೇಲೆ ಬಂದದ್ದು ಒಂಟಿಯಾಗಿ ಕೆಳಗಿಳಿಯುತ್ತದೆ. ಬಾನೆಲ್ ಎಂಬ ಇನ್ನೊಂದು ಬಗೆಯ ಗಾದಿಯಲ್ಲಿ ಸ್ಪ್ರಿಂಗುಗಳನ್ನು ತಂತಿಯಿಂದ ಹೆಣೆದಿರುವುದರಿಂದ ಸ್ವಲ್ಪ ತಡೆಯುತ್ತದೆ. ಆದರೂ ನಾನು ಅದಕ್ಕೂ ಮೂರು ಇಂಚನ್ನೇ ಹೇಳುತ್ತೇನೆ.

ಈಗ ಎಲ್ಲರೂ ಎಡವುವ ಜಾಗ, ಅಂದರೆ ನಡುವಿನ ಕಾಲು. ಇಬ್ಬರು ಮಲಗುವ ಮಂಚಕ್ಕೆ ತಲೆಯಿಂದ ಕಾಲಿನವರೆಗೆ ನಡುವೆ ಒಂದು ತೊಲೆ ಬೇಕು, ಆ ತೊಲೆಗೆ ನೆಲ ಮುಟ್ಟುವ ಕಾಲು ಬೇಕು. ಕಾಲು ಇದ್ದರೆ ಸಾಲದು, ಮುಟ್ಟಬೇಕು! ನಮ್ಮ ಕಡೆ ಹಳೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ, ಒಂದು ಕಲ್ಲು ಮೇಲೆ, ಒಂದು ಕೆಳಗೆ. ನಾಲ್ಕು ಮೂಲೆ ಕೂತರೂ ನಡುವಿನ ಕಾಲು ಗಾಳಿಯಲ್ಲೇ ತೂಗುತ್ತಿರುತ್ತದೆ, ಬಗ್ಗಿ ನೋಡಿದರೂ ಗೊತ್ತಾಗುವುದಿಲ್ಲ. ಹೀಗೆ ಮಾಡಿ: ಆ ಕಾಲಿನ ಕೆಳಗೆ ಒಂದು ಹಾಳೆ ಪೇಪರ್ ತೂರಿಸಿ, ಇಬ್ಬರನ್ನು ಮಂಚದ ನಡುವೆ ಕೂರಿಸಿ, ಪೇಪರ್ ಎಳೆಯಿರಿ. ಹರಿದರೆ ಸರಿ ಇದೆ. ಸರಕ್ಕನೆ ಬಂದರೆ ಕಾಲು ಭಾರ ಹೊರುತ್ತಿಲ್ಲ. ಕೆಳಗೆ ಪ್ಲೈವುಡ್ ಚೂರು ಅಂಟಿಸಿ, ಇಲ್ಲವೇ ತಿರುಗಿಸಿ ಎತ್ತರ ಹೊಂದಿಸುವ ಬುಷ್ ಹಾಕಿಸಿ. ರಟ್ಟು ಮಡಚಿ ಇಡಬೇಡಿ, ತಿಂಗಳಿಗೆಲ್ಲ ಚಪ್ಪಟೆಯಾಗುತ್ತದೆ.

ಹಳೆ ಮಂಚದ ಸಂದು ದೊಡ್ಡದಿದ್ದರೆ ಮೇಲೆ ಪ್ಲೈವುಡ್ ಹಾಕಬಹುದು. 12 ಮಿಲಿಮೀಟರ್‌ಗಿಂತ ತೆಳು ಬೇಡ, 18 ಆದರೆ ನೆಮ್ಮದಿ. ಇಲ್ಲೊಂದು ಮೋಸವಿದೆ. ಶೀಟು ಬರುವುದು 8 ಅಡಿಗೆ 4 ಅಡಿ, ಮಂಚದ ಅಗಲ 5 ಅಡಿ. ಬಡಗಿ ಒಂದೇ ಶೀಟಿನಲ್ಲಿ ಮುಗಿಸಲು ನಾಲ್ಕು ಅಡಿ ಹಾಕಿ ಪಕ್ಕಕ್ಕೆ ಒಂದು ಅಡಿಯ ತೇಪೆ ಹಚ್ಚುತ್ತಾನೆ. ಆ ಜೋಡಣೆಯ ಕೆಳಗೆ ಉದ್ದಕ್ಕೂ ಆಧಾರ ಇರುವುದಿಲ್ಲ, ಒಬ್ಬರ ಬೆನ್ನು ಸರಿಯಾಗಿ ಅಲ್ಲೇ ಬರುತ್ತದೆ. ಎರಡು ಶೀಟು ಕೊಂಡು ತಲಾ 30 ಇಂಚಿನ ಎರಡು ತುಂಡು ಮಾಡಿಸಿ, ಜೋಡಣೆ ನಡುವಿನ ತೊಲೆಯ ಮೇಲೇ ಕೂರಲಿ. ದುಡ್ಡು ಜಾಸ್ತಿ ಆಗುತ್ತದೆ, ನಿಜ. ಉಳಿದ ಪಟ್ಟಿಗಳು ಗೋಡೆಯ ಮಾಡಿಗೋ ಕಪಾಟಿಗೋ ಬರುತ್ತವೆ ಅಲ್ವಾ?

ಪ್ಲೈಗೆ ಅಡಿಗೊಂದರಂತೆ ಒಂದಿಂಚಿನ ತೂತು ಹೊಡೆಸಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಬೆವರೆಲ್ಲ ಗಾದಿಗೇ ಇಳಿಯುತ್ತದೆ, ಮೇಲೆ ರಾತ್ರಿಯಿಡೀ ನೀರಿನ ಕೂಲರ್. ಕೆಳಗೆ ಗಾಳಿ ಆಡದಿದ್ದರೆ ಮುಗ್ಗಲು ವಾಸನೆ ಬಂದೇ ಬರುತ್ತದೆ. ಸಾಮಾನು ತುಂಬುವ ಬಾಕ್ಸ್ ಮಂಚಕ್ಕಂತೂ ತೂತು ಬೇಕೇ ಬೇಕು. ಅದರ ಮುಚ್ಚಳ ಪಾರ್ಟಿಕಲ್ ಬೋರ್ಡಿನದಾದರೆ ಬೇಡ ಎಂದೇ ಹೇಳಿ. ಒದ್ದೆಯಾದರೆ ಉಬ್ಬುತ್ತದೆ, ಸ್ಕ್ರೂ ಹಿಡಿಯುವುದಿಲ್ಲ.

ನನ್ನನ್ನು ಕೇಳಿದರೆ ಒಣಗಿದ ಮರದ ಅಗಲ ಪಟ್ಟಿಯ ಮಂಚವೇ ಚೆಂದ. ಹಸಿ ಬೇವಿನದು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಸೊಟ್ಟಗಾಗುತ್ತದೆ. ಪಟ್ಟಿಗಳನ್ನು ಸುಮ್ನೆ ಇಟ್ಟಿದ್ದರೆ ಎರಡೂ ತುದಿಗೆ ಸ್ಕ್ರೂ ಹಾಕಿಸಿ.

ಗಾದಿಯ ವಾರಂಟಿ ಕಾರ್ಡನ್ನೂ ಒಮ್ಮೆ ಓದಿ. ಆಧಾರ ಸರಿಯಿಲ್ಲದೆ ಕುಗ್ಗಿದ್ದರೆ ಬದಲಿಸಿ ಕೊಡುವುದಿಲ್ಲ ಎಂದು ಅದರಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ತಂಗಿ ಮನೆಗೆ ಹೊಸ ಗಾದಿ ಸಿಗದಿದ್ದದ್ದು ಆ ಒಂದು ಸಾಲಿನಿಂದಲೇ.